ಬಾಲದ ಬುಡ ಕಚ್ಚಿಕೊಳ್ಳುವ ನಾಯಿಗೆ ಚಿಕನ್ ಬಿಡಿಸಬೇಕಾ?

ಬೇಡ. ಈಗಲೇ ಅಂತೂ ಬೇಡ.

ಲ್ಯಾಬ್ರಡಾರ್, ಬಾಲದ ಬುಡದಲ್ಲಿ ಕೂದಲು ಹೋಗಿದೆ, ಮಳೆ ಶುರುವಾದ ಮೇಲೆ ತುರಿಕೆ ಜಾಸ್ತಿ, ಯಾವ ಡಾಗ್ ಫುಡ್‌ಗೆ ಬದಲಾಯಿಸಲಿ ಅಂತ ಕೇಳಿದ್ದೀರಿ. ನಮ್ಮ ಗುಂಡನದೂ ಇದೇ ಕಥೆ. ನಾವೂ ಊಟದ ಹಿಂದೆಯೇ ಬಿದ್ದಿದ್ದೆವು.

ನಾವಿರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಗ್ರೌಂಡ್ ಫ್ಲೋರ್. ಮಳೆ ಬಂದರೆ ಸೊಸೈಟಿಯ ಬೆಕ್ಕುಗಳೆಲ್ಲ ನಮ್ಮ ಮೆಟ್ಟಿಲ ಕೆಳಗೇ ಮಲಗೋದು. ಜುಲೈ ಬಂತೆಂದರೆ ಗುಂಡ ರಾತ್ರಿಯೆಲ್ಲ ಸೊಂಟ ತಿರುಗಿಸಿಕೊಂಡು, ಜೋಳದ ತೆನೆ ತಿನ್ನೋ ಹಾಗೆ ಮುಂಬಲ್ಲಲ್ಲಿ ಕಟಕಟ ಅಂತ ಕಡಿದುಕೊಳ್ಳುತ್ತಿದ್ದ. ಚಿಕನ್ ಬಿಡಿಸಿದೆವು. ಅನ್ನ-ಪನೀರ್ ಹಾಕಿದೆವು. ಮೀನಿನದು ಅಂತ ದುಬಾರಿ ಚೀಲ ತಂದೆವು. ಅತ್ತೆ ಬೇವಿನ ಎಲೆ ಕುದಿಸಿ ಸ್ನಾನ ಮಾಡಿಸಿದರು. ಏನೂ ಆಗಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ತುರಿಕೆ ನಿಂತಿತು, ಬಕೆಟ್‌ಗಟ್ಟಲೆ ನೀರು ಕುಡಿದ, ಹಾಲ್‌ನಲ್ಲೇ ಉಚ್ಚೆ ಮಾಡಿದ. ಔಷಧಿಯ ಪ್ರಭಾವ ಇಳಿದ ಕೂಡಲೇ ಮತ್ತೆ ಕಟಕಟ.

ಆಮೇಲೆ ಸಿಕ್ಕ ಡಾಕ್ಟರಮ್ಮ ಊಟದ ಬಗ್ಗೆ ಕೇಳಲೇ ಇಲ್ಲ. ಹೇನು ತೆಗೆಯೋ ಥರದ ಸಣ್ಣ ಹಲ್ಲಿನ ಹಣಿಗೆ ತಗೊಂಡು ಬಾಲದ ಬುಡದಲ್ಲಿ ಎಳೆದರು. ಬಂದ ಕಪ್ಪು ಪುಡಿಯನ್ನು ಒದ್ದೆ ಟಿಶ್ಯೂ ಮೇಲೆ ಕೊಡವಿದರು. ನೋಡ್ತಾ ನೋಡ್ತಾ ಪ್ರತಿ ಕಾಳಿನ ಸುತ್ತ ಕೆಂಪುಕಂದು ಬಣ್ಣ ಬಿಟ್ಟಿತು. ಚಿಗಟದ ಹಿಕ್ಕೆ ಅದು. ಒಳಗಿರೋದು ನಾಯಿಯದೇ ರಕ್ತ.

ನಾನು ಜಗಳಕ್ಕೇ ನಿಂತೆ. ತಿಂಗಳು ತಪ್ಪದೆ ಕುತ್ತಿಗೆಗೆ ಚಿಗಟ ಕೊಲ್ಲೋ ಫಿಪ್ರೊನಿಲ್ ಡ್ರಾಪ್ಸ್ ಹಾಕ್ತೀವಿ, ಚಿಗಟ ಎಲ್ಲಿಂದ ಬಂತು? "ಯಾವಾಗ ಹಾಕ್ತೀರಿ?" ಅಂದರು. ಭಾನುವಾರ, ಸ್ನಾನ ಆದ ತಕ್ಷಣ, ಅಂದೆ. ಅವರು ತಲೆ ಚಚ್ಚಿಕೊಳ್ಳೋದೊಂದು ಬಾಕಿ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ನಮ್ಮ ಎರಡು ಮಳೆಗಾಲ ಹಾಳಾಗಿದ್ದು ಇದರಿಂದಲೇ. ಮಡಿ ಮೈಗೆ ಔಷಧಿ ಚೆನ್ನಾಗಿ ಹಿಡಿಯುತ್ತೆ ಅನ್ನೋದು ನಮ್ಮ ಲೆಕ್ಕ. ಆದರೆ ಆ ಡ್ರಾಪ್ಸ್ ಮೈತುಂಬ ಹರಡೋದು ಚರ್ಮದ ಜಿಡ್ಡಿನ ಮೂಲಕ. ಜಿಡ್ಡಿನ ಗ್ರಂಥಿಗಳಲ್ಲಿ ಸೇರಿಕೊಂಡು ನಿಧಾನಕ್ಕೆ ಹೊರಗೆ ಬರುತ್ತೆ. ನಾವು ಶಾಂಪೂ ಹಾಕಿ ತಿಕ್ಕಿ ತಿಕ್ಕಿ ಜಿಡ್ಡೆಲ್ಲ ತೆಗೆದು, ಆಮೇಲೆ ಔಷಧಿ ಸುರಿಯುತ್ತಿದ್ದೆವು. ಸ್ನಾನಕ್ಕೂ ಡ್ರಾಪ್ಸ್‌ಗೂ ನಡುವೆ ಹಿಂದೆ ಮುಂದೆ ಎರಡೆರಡು ದಿನ ಬಿಡಬೇಕು. ನಾವು ಸಂಜೆಯೇ ಮಳೆಯಲ್ಲಿ ವಾಕಿಂಗ್ ಕರೆದುಕೊಂಡು ಹೋಗಿ ನೆನೆಸುತ್ತಿದ್ದೆವು. ಅದೂ ಸಾಲದು ಅಂತ, ಕೂದಲು ಬಿಡಿಸಿ ಚರ್ಮಕ್ಕೆ ಹಾಕುವ ಬದಲು ಕೂದಲ ಮೇಲೇ ಹಿಂಡುತ್ತಿದ್ದರು ನಮ್ಮ ಯಜಮಾನರು. ಅರ್ಧ ಔಷಧಿ ಕಾಲರ್‌ಗೇ ಹೋಗಿರಬೇಕು.

ಚಿಗಟ ಕಣ್ಣಿಗೇ ಬಿದ್ದಿಲ್ಲ ಅಂತೀರಾ? ನಮಗೂ ಬಿದ್ದಿರಲಿಲ್ಲ. ನಾಯಿ ನೆಕ್ಕಿ ನುಂಗಿಬಿಡುತ್ತೆ. ಅಲರ್ಜಿ ಇರೋದು ಚಿಗಟದ ಜೊಲ್ಲಿಗೆ, ಹಾಗಾಗಿ ಅಲರ್ಜಿ ಇರೋ ನಾಯಿಗೆ ಒಂದೆರಡು ಕಚ್ಚಿದರೂ ಸಾಕು. ಮೊಟ್ಟೆಗಳು ಮೈಗೆ ಅಂಟಿಕೊಳ್ಳಲ್ಲ, ಉದುರುತ್ತವೆ: ಸೋಫಾ ಸಂದಿ, ಮ್ಯಾಟ್, ನಾಯಿಯ ಹಾಸಿಗೆ. ಗೂಡು ಕಟ್ಟಿಕೊಂಡ ಮರಿ ತಿಂಗಳುಗಟ್ಟಲೆ ಒಳಗೇ ಇರಬಲ್ಲದು. ಅದಕ್ಕೇ ಔಷಧಿ ಶುರು ಮಾಡಿದ ಮೇಲೂ ಕೆಲವು ವಾರ ಹೊಸ ಚಿಗಟ ಬರುತ್ತವೆ. ಔಷಧಿ ಕೆಲಸ ಮಾಡ್ತಿಲ್ಲ ಅಂತ ಬಿಟ್ಟುಬಿಡಬೇಡಿ. ಹಾಸಿಗೆ ಬಿಸಿನೀರಲ್ಲಿ ಒಗೀರಿ, ಸೋಫಾಗೆ ವ್ಯಾಕ್ಯೂಮ್ ಹಾಕಿ.

ಗುಂಡನಿಗೆ ಈಗ ಚಿಗಟಕ್ಕೆ ಫ್ಲುರಾಲನರ್ ಮಾತ್ರೆ. ಒಂದು ಸಲ ಕೊಟ್ಟರೆ ಹನ್ನೆರಡು ವಾರ. ರಕ್ತದ ಮೂಲಕ ಕೆಲಸ ಮಾಡೋದರಿಂದ ಸ್ನಾನ, ಮಳೆಯ ಚಿಂತೆ ಇಲ್ಲ. ನಿಮ್ಮ ನಾಯಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಮುಂಬೈ ಹವೆಗೆ ವರ್ಷಪೂರ್ತಿ ಬೇಕು, ಚಳಿಗಾಲದಲ್ಲಿ ಉಳಿಸೋಣ ಅನ್ನೋದು ಸುಳ್ಳು ಉಳಿತಾಯ.

ಪಾದ ನೆಕ್ಕೋದು, ಕಿವಿ ಕೆರೆಯೋದು, ಹೊಟ್ಟೆ ಕೆಂಪಾಗೋದು ಇದ್ದರೆ ಧೂಳು ಅಥವಾ ಊಟದ ಅಲರ್ಜಿಯ ಬಗ್ಗೆ ಯೋಚಿಸಿ. ಊಟದ್ದೇ ಅಂತ ತಿಳಿಯೋಕೆ ಎಂಟು ವಾರ ಡಾಕ್ಟರ್ ಹೇಳಿದ ಒಂದೇ ಆಹಾರ. ಬಿಸ್ಕತ್ ಇಲ್ಲ, ಚಪಾತಿ ಚೂರೂ ಇಲ್ಲ. ನಮ್ಮ ಮನೇಲಿ ಅದು ಆಗದ ಮಾತು, ಅತ್ತೆ ಇದ್ದಾರೆ. ಕುಂಡೆ ನೆಲಕ್ಕೆ ಉಜ್ಜುತ್ತಿದ್ದರೆ ಗುದಗ್ರಂಥಿ ತುಂಬಿದೆಯಾ ತೋರಿಸಿ. ಗಾಯ ಒದ್ದೆಯಾಗಿ ಕೀವು ಬಂದಿದ್ದರೆ, ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ ಹಾಕಿ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನ ಗಜಕರ್ಣದ ಟ್ಯೂಬ್ ಹಚ್ಚಬೇಡಿ, ಹಲವದರಲ್ಲಿ ಸ್ಟೆರಾಯ್ಡ್ ಇರುತ್ತೆ, ನಾಯಿ ಪೂರ್ತಿ ನೆಕ್ಕುತ್ತೆ.

ಮನೇಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಇರೋ ನಾಯಿ ಡ್ರಾಪ್ಸ್ ತರಲೇಬೇಡಿ. ಬೆಕ್ಕಿಗೆ ಅದು ವಿಷ.