ಛಲ ಮತ್ತು ದುಡ್ಡಿನ ಭದ್ರತೆ ಇದ್ದರೆ ಸಿನಿಮಾದ ಪಾತ್ರಗಳಿಗೆ ಸುಖ ಸಿಗುತ್ತದಾ?

ಸಿಗುತ್ತದೆ. ಆದರೆ ದುಡ್ಡು ಬಂದಾಗ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ನನ್ನ ಪ್ರಕಾರ ಜಾಸ್ತಿ ಮುಖ್ಯ.

2006ರ ‘ದಿ ಪರ್ಸ್ಯೂಟ್ ಆಫ್ ಹ್ಯಾಪಿನೆಸ್’ ನೋಡಿ. ಕ್ರಿಸ್ ಗಾರ್ಡ್ನರ್ ಅವರ ನಿಜ ಜೀವನದ ಮೇಲೆ ಮಾಡಿದ ಚಿತ್ರ. ವಿಲ್ ಸ್ಮಿತ್ ಆ ಪಾತ್ರ ಮಾಡಿದ್ದಾರೆ. ಮನೆ ಕಳೆದುಕೊಂಡ ಅಪ್ಪ ಒಂದು ರಾತ್ರಿ ರೈಲು ನಿಲ್ದಾಣದ ಶೌಚಾಲಯದಲ್ಲಿ ಕೂತಿರುತ್ತಾನೆ. ಮಗ ತೊಡೆಯ ಮೇಲೆ ನಿದ್ದೆ ಹೋಗಿದ್ದಾನೆ. ಯಾರೋ ಹೊರಗಿನಿಂದ ಬಾಗಿಲು ಬಡಿಯುತ್ತಾರೆ. ಅಪ್ಪ ಕಾಲು ಚಾಚಿ ಬಾಗಿಲು ಒತ್ತಿ ಹಿಡಿಯುತ್ತಾನೆ, ಸದ್ದಿಲ್ಲದೆ ಅಳುತ್ತಾನೆ. ಆ ದೃಶ್ಯ ನೋಡಿದ ಮೇಲೆ ದುಡ್ಡಿನಿಂದ ಸುಖ ಇಲ್ಲ ಅಂತ ಸುಮ್ನೆ ಹೇಳೋಕೆ ಮನಸ್ಸು ಬರಲ್ಲ. ಅವನಿಗೆ ದುಡ್ಡು ಅಂದರೆ ಮಗನಿಗೆ ಮಲಗಲು ಒಂದು ಜಾಗ, ಅಷ್ಟೇ.

ಸಂಬಳವಿಲ್ಲದ ತರಬೇತಿ ಮುಗಿಸಿ ಷೇರು ಕಂಪನಿಯಲ್ಲಿ ಕೆಲಸ ಸಿಕ್ಕ ದಿನ ಅವನು ಮೊದಲು ಓಡುವುದು ಶಿಶುವಿಹಾರದಲ್ಲಿರುವ ಮಗನ ಹತ್ತಿರ. ಚಿತ್ರ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಮುಂದೆ ಅವರು ಶ್ರೀಮಂತರಾದ ಕಥೆ ಪರದೆಯ ಮೇಲಿನ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಇದನ್ನು ಗಮನಿಸಬೇಕು ಅಲ್ವಾ?

1941ರ ‘ಸಿಟಿಜನ್ ಕೇನ್’ ಇದಕ್ಕೆ ಪೂರ್ತಿ ಉಲ್ಟಾ. ಚಿನ್ನದ ಗಣಿಯ ಆಸ್ತಿ ಬಂದಿದ್ದಕ್ಕೇ ಹುಡುಗ ಅಮ್ಮನಿಂದ ದೂರವಾಗುತ್ತಾನೆ. ದೊಡ್ಡವನಾಗಿ ಪತ್ರಿಕೆಗಳನ್ನು ಕಟ್ಟುತ್ತಾನೆ, ಅರಮನೆ ಕಟ್ಟಿಸುತ್ತಾನೆ. ಸಾಯುವಾಗ ಬಾಯಲ್ಲಿ ಬರುವುದು, ಚಿಕ್ಕಂದಿನಲ್ಲಿ ಹಿಮದಲ್ಲಿ ಆಡುತ್ತಿದ್ದ ಜಾರುಬಂಡಿಯ ಹೆಸರು.