ಹಿರಿಯರನ್ನು ಕೂರಿಸಲೇ, ಹುಡುಗರನ್ನು ಇಳಿಸಲೇ?

ಪ್ರಶ್ನೆ: ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಹತ್ತು ವರ್ಷದಿಂದ ಆಡುತ್ತಿರುವ ಮೂವರಿದ್ದಾರೆ. ಅವರನ್ನು ಬೆಂಚ್ ಮೇಲೆ ಕೂರಿಸಿದರೆ ಸೋಲುತ್ತೇವೆ, ಕೂರಿಸದಿದ್ದರೆ ಹುಡುಗರು ಬೇಜಾರಾಗಿ ಬಿಟ್ಟು ಹೋಗುತ್ತಾರೆ. ಏನು ಮಾಡಲಿ ಸರ್?
– ಒಬ್ಬ ಕೋಚ್, ಬಳ್ಳಾರಿ

ಉತ್ತರ: ಮೊದಲು ಲೆಕ್ಕ ಹಾಕಿ. ಪಂದ್ಯ 40 ನಿಮಿಷ, ಅಂಕಣದಲ್ಲಿ ಐವರು, ಅಂದರೆ ಹಂಚಲು ನಿಮ್ಮ ಕೈಯಲ್ಲಿ 200 ನಿಮಿಷ ಇದೆ. ಆ ಮೂವರಿಗೇ ತಲಾ 38 ಕೊಟ್ಟರೆ 114 ಅಲ್ಲೇ ಹೋಯ್ತು. 28ಕ್ಕೆ ಇಳಿಸಿ ನೋಡಿ, ಹುಡುಗರಿಗೆ ಇನ್ನೂ 30 ನಿಮಿಷ ಹೆಚ್ಚು ಸಿಗುತ್ತದೆ, ಬಳ್ಳಾರಿಯ ಬಿಸಿಲಲ್ಲಿ ಹಿರಿಯರ ಕಾಲಿಗೂ ಕೊನೆಯ ಕ್ವಾರ್ಟರ್‌ಗೆ ಬಲ ಉಳಿಯುತ್ತದೆ.

2014ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಗೆದ್ದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಮಾಡಿದ್ದೂ ಇದನ್ನೇ. ಆ ಲೀಗ್ ಹಂತದಲ್ಲಿ ಅವರ ಯಾವ ಆಟಗಾರನ ಸರಾಸರಿಯೂ 30 ನಿಮಿಷ ಮುಟ್ಟಲಿಲ್ಲ. 38 ವರ್ಷದ ಟಿಮ್ ಡಂಕನ್ ಜೊತೆ ಆಡಿದ 22 ವರ್ಷದ ಕವಾಯ್ ಲೆನಾರ್ಡ್ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದ.

ಆದರೆ ಸೋಲು ಖಚಿತವಾದ ಮೇಲೆ ಕೊನೆಯ ಎರಡು ನಿಮಿಷ ಹುಡುಗರನ್ನು ಸುಮ್ನೆ ಇಳಿಸಬೇಡಿ, ಅದರಿಂದ ಅವರು ಏನೂ ಕಲಿಯುವುದಿಲ್ಲ. ಎರಡನೇ ಕ್ವಾರ್ಟರ್‌ನಲ್ಲಿ, ಪಂದ್ಯ ಬಿಸಿಯಾಗಿರುವಾಗಲೇ, ಒಬ್ಬ ಹಿರಿಯನ ಜೊತೆ ಇಳಿಸಿ. ಒಂದು ತಪ್ಪು ಪಾಸ್ ಕೊಟ್ಟ ಅಂತ ತಕ್ಷಣ ಹೊರಗೆ ಕರೆಯಬೇಡಿ. ಹಿರಿಯರಿಗೆ ಇದನ್ನು ಪಂದ್ಯದ ಹಿಂದಿನ ದಿನವೇ ಕೂತು ಹೇಳಿ, ಬೆಂಚ್ ಮೇಲೆ ಗೊತ್ತಾದರೆ ನೋವು ಜಾಸ್ತಿ ಅಲ್ವಾ?