ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ವಾಂತಿ ಶುರುವಾದರೆ

ಡಿಗಾಕ್ಸಿನ್ (ಹೃದಯದ ಮಾತ್ರೆ), ಫ್ಯೂರೋಸಮೈಡ್ (ಮೂತ್ರ ಹೆಚ್ಚಿಸುವ ಮಾತ್ರೆ) ಎರಡೂ ತೆಗೆದುಕೊಳ್ಳುತ್ತಿರುವ ಅಜ್ಜಿಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ, ವಾಂತಿ ಬೇರೆ. ಇದು ಗ್ಯಾಸ್ಟ್ರಿಕ್ಕೋ ಮಾತ್ರೆ ಜಾಸ್ತಿಯಾಗಿದ್ದೋ ಅಂತ ಕೇಳಿದ್ದೀರಿ. ಮೊದಲು ಮಾತ್ರೆಯನ್ನೇ ಅನುಮಾನಿಸಿ. ಡಿಗಾಕ್ಸಿನ್ ಮೈಗೆ ಹೆಚ್ಚಾದಾಗ ಎಷ್ಟೋ ಸಲ ಮೊದಲು ಕೆಡುವುದು ಹಸಿವೇ.

ಮುಂದಿನ ಡೋಸಿಗೆ ಮುಂಚೆ ಸ್ಟೆತಸ್ಕೋಪ್ ಎದೆಗಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಬೇಡ, ತಪ್ಪಿದ ಬಡಿತ ಗೊತ್ತೇ ಆಗುವುದಿಲ್ಲ. 60ಕ್ಕಿಂತ ಕಡಿಮೆಯಿದ್ದರೆ ಅಥವಾ ಏರುಪೇರಿದ್ದರೆ ಡೋಸ್ ತಡೆಹಿಡಿದು ತಕ್ಷಣ ಡಾಕ್ಟರಿಗೆ ತಿಳಿಸಿ. ಬಡಿತ ಸರಿಯಿದ್ದರೂ ವಾಂತಿಯ ವಿಷಯ ಹೇಳದೆ ಮಾತ್ರೆ ಕೊಡಬೇಡಿ. ದೀಪದ ಸುತ್ತ ಬಳೆ ಕಾಣುತ್ತದಾ, ಎಲ್ಲಾ ಹಳದಿ ಹಳದಿ ಅನ್ನಿಸುತ್ತದಾ ಅಂತ ನೀವೇ ಕೇಳಿ. ವಯಸ್ಸಾದವರು ತಾವಾಗಿ ಹೇಳುವುದು ಕಡಿಮೆ ಅಲ್ವಾ? ಮಾತು ತಡವರಿಸುವುದು, ಗಲಿಬಿಲಿ ಇದ್ದರೆ ಅದನ್ನೂ ಬರೆದಿಡಿ.

ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ ಮಿಲಿಲೀಟರಿಗೆ 2 ನ್ಯಾನೋಗ್ರಾಂ ಒಳಗಿದೆ ಅಂತ ಸುಮ್ನೆ ಕೂರಬೇಡಿ. ಫ್ಯೂರೋಸಮೈಡ್ ರಕ್ತದಲ್ಲಿನ ಪೊಟ್ಯಾಸಿಯಂ ಇಳಿಸುತ್ತದೆ, ವಾಂತಿ ಇನ್ನಷ್ಟು ಇಳಿಸುತ್ತದೆ. ಆಗ ಮಾಮೂಲಿ ಮಟ್ಟವೂ ವಿಷವಾಗಬಹುದು. ಹಾಗಾಗಿ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ), ಇಸಿಜಿ ಬಗ್ಗೆಯೂ ಡಾಕ್ಟರನ್ನು ಕೇಳಿ.

ಜ್ವರವಿದ್ದು, ಪಕ್ಕದ ಬೆಡ್ಡಿನವರಿಗೂ ವಾಂತಿಭೇದಿಯಾಗಿದ್ದರೆ ಸೋಂಕಿರಬಹುದು. ಆದರೂ ನೀರಿನಂಶ ಇಳಿದು ಕಿಡ್ನಿ ಸೊರಗಿದರೆ ಡಿಗಾಕ್ಸಿನ್ ಹೊರಹೋಗದೆ ಮೈಯಲ್ಲೇ ಉಳಿಯುತ್ತದೆ.